ಅರ್ಜಿಯಲ್ಲಿ ಬರೆಯಬೇಕಾದ ಮುಂದಾಳುತನ

ವರ್ಷಂಪ್ರತಿ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನೌಪಾಡಾದ ಕನ್ನಡಿಗರ ಅನೇಕ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ತಲೆಯೆತ್ತುವುದುಂಟು: ಮುಂದಿನ ಓದಿಗೆ ಹಣವೆಲ್ಲಿಂದ? ಹೋಟೆಲಿನಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು ಬರುವ ತಂದೆಯ ಸಂಬಳದಲ್ಲಿ ಮನೆಬಾಡಿಗೆ, ರೈಲಿನ ಪಾಸು, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಉಳಿಯುವುದೆಷ್ಟೆಂಬ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಇಂತಹ ಮನೆಗಳಿಗೆ ವಿದ್ಯಾರ್ಥಿವೇತನವೆಂಬುದು ಬರಿಯ ಗೌರವವಲ್ಲ. ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದೇ ಅದರಿಂದ ನಿರ್ಣಯವಾಗುತ್ತದೆ. ಆದುದರಿಂದ ಅದರ ಅರ್ಜಿಯನ್ನು ಬರೆಯುವ ಬಗೆಯ ಕುರಿತು ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ವಿದ್ಯಾರ್ಥಿವೇತನಗಳಲ್ಲಿ ಎರಡು ಬಗೆ. ಮೊದಲನೆಯದು ಪರೀಕ್ಷೆಯಲ್ಲಿ ಗಳಿಸಿದ ಅಂಕಗಳಿಂದ ದೊರೆಯುವಂಥದು. ಎನ್.ಎಂ.ಎಂ.ಎಸ್. ಎಂದು ಕರೆಯಲ್ಪಡುವ ಕೇಂದ್ರ ಸರ್ಕಾರದ ವೇತನವು ಈ ಬಗೆಯದು. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಲ್ಲುತ್ತದೆ. ಎರಡನೆಯ ಬಗೆಯದನ್ನು ಕೊಡುವವರು ದತ್ತಿಗಳು, ಪ್ರತಿಷ್ಠಾನಗಳು, ಪರದೇಶದ ಸರ್ಕಾರಗಳು. ಬ್ರಿಟನ್ ಸರ್ಕಾರವು 1983ರಲ್ಲಿ ಆರಂಭಿಸಿದ ಚೀವ್ನಿಂಗ್ ವಿದ್ಯಾರ್ಥಿವೇತನವು ಇದಕ್ಕೆ ನಿದರ್ಶನ. ಇಲ್ಲಿ ಅಂಕಗಳ ಜೊತೆಗೆ ಎರಡು ಪ್ರಶ್ನೆಗಳು ಬರುತ್ತವೆ: ನೀವು ಮುಂದಾಳುತನ ತೋರಿದ ಸಂದರ್ಭ ಯಾವುದು? ಇತರರೊಡನೆ ಸಂಬಂಧ ಬೆಳೆಸಿ ಸಾಧಿಸಿದ್ದೇನು? ಗಣಿತದಲ್ಲಿ ನೂರಕ್ಕೆ ತೊಂಬತ್ತು ಪಡೆದವರ ಲೇಖನಿಯೂ ಇಲ್ಲಿ ತಡವರಿಸುವುದನ್ನು ನಾವು ಬಲ್ಲೆವು.

ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ದತ್ತಿಗೆ ಅರ್ಜಿ ಹಾಕಿದಳು. ಮುಂದಾಳುತನದ ಪ್ರಶ್ನೆಗೆ ಅವಳು, “ನನ್ನಲ್ಲಿ ಹುಟ್ಟಿನಿಂದಲೇ ನಾಯಕತ್ವದ ಗುಣಗಳಿವೆ, ಸಮಾಜಸೇವೆಯೇ ನನ್ನ ಧ್ಯೇಯ” ಎಂದು ಬರೆದಿದ್ದಳು. ಹಿಂದಿನ ವರ್ಷದ ಹುಡುಗನೊಬ್ಬನ ಅರ್ಜಿಯಿಂದ ಇಳಿಸಿಕೊಂಡ ಮಾತದು. ಅರ್ಜಿ ತಿರಸ್ಕೃತವಾಯಿತು. ಬಳಿಕ ಒಂದು ದಿನ ಮಾತಿಗೆ ಮಾತು ಬಂದು, “ಸಂಜೆಯ ಹೊತ್ತು ಏನು ಮಾಡುತ್ತೀಯಮ್ಮ?” ಎಂದು ಕೇಳಿದೆವು. “ಏನೂ ಇಲ್ಲ, ಸರ್” ಎಂದಳು. ಮತ್ತೆ ಮತ್ತೆ ಕೇಳಿದ ಮೇಲೆ ಸಂಗತಿ ಹೊರಬಂತು. ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರಿಗೆ ಮರಾಠಿ ಓದಲು ಬಾರದು. ಅವರ ಪಡಿತರ ಚೀಟಿಯ, ಬ್ಯಾಂಕಿನ ಕಾಗದಗಳನ್ನು ಈಕೆ ತುಂಬಿಕೊಡುತ್ತಿದ್ದಳು; ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸುತ್ತಿದ್ದಳು. ಬರುವವರು ಹೆಚ್ಚಿದಾಗ ಇನ್ನಿಬ್ಬರು ಗೆಳತಿಯರಿಗೆ ಆ ಕೆಲಸವನ್ನು ಕಲಿಸಿ, ಭಾನುವಾರದ ಬೆಳಗ್ಗೆ ಚಾಳಿನ ಜಗಲಿಯಲ್ಲಿ ಮೂವರೂ ಕೂರುವ ಏರ್ಪಾಡು ಮಾಡಿದ್ದಳು. ಎಲ್ಲವನ್ನೂ ಹೇಳಿ ಮುಗಿಸಿ, “ಇದೆಲ್ಲ ಅರ್ಜಿಯಲ್ಲಿ ಬರೆಯುವಂಥದೇ, ಸರ್?” ಎಂದು ಕೇಳಿದಳು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮಗೆ ನೆನಪಾಯಿತು. ಆದರೆ ತಪ್ಪು ಅವಳೊಬ್ಬಳದಲ್ಲ. ಆ ಅರ್ಜಿಗೆ ಶಿಫಾರಸು ಪತ್ರ ಬರೆದವರು ನಾವೇ. “ವಿಧೇಯಳು, ಸುಶೀಲೆ, ಪರಿಶ್ರಮಿ” ಎಂದು ಅದೇ ವರ್ಷ ಆರು ಮಂದಿಗೆ ಬರೆದುಕೊಟ್ಟ ಮೂರು ಶಬ್ದಗಳನ್ನೇ ಅವಳಿಗೂ ಬರೆದಿದ್ದೆವು. ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಸಾಕಿತ್ತು. ನಾವು ಕೇಳಿದಾಗ ಅರ್ಜಿಯ ಕೊನೆಯ ದಿನ ಕಳೆದು ಎರಡು ತಿಂಗಳಾಗಿತ್ತು.

ಮುಂದಾಳುತನವೆಂದರೇನು? ವರ್ಗದ ಮಾನಿಟರ್ ಆಗಿರುವುದೇ? ಗಣರಾಜ್ಯೋತ್ಸವದಂದು ವೇದಿಕೆಯ ಮೇಲೆ ಭಾಷಣ ಮಾಡುವುದೇ? ಅವು ಅವಕಾಶಗಳು ಮಾತ್ರ. ಹೆಸರಾಂತ ರೋಡ್ಸ್ ವಿದ್ಯಾರ್ಥಿವೇತನದ ಮೂಲವನ್ನು ನೋಡೋಣ. 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್ ಆಫ್ರಿಕದ ಜನರ ನೆಲವನ್ನು ಕಬಳಿಸಿದ ಸಾಮ್ರಾಜ್ಯವಾದಿ. ಅವನ ವೇತನವು 1977ರವರೆಗೆ ಸ್ತ್ರೀಯರಿಗೆ ದೊರೆಯುತ್ತಿರಲಿಲ್ಲ. ಅವನನ್ನು ಆದರ್ಶವೆಂದು ನಾವು ಹೇಳುವುದಿಲ್ಲ. ಆದರೆ ಅವನ ಮೃತ್ಯುಪತ್ರದಲ್ಲಿಯೂ ನಾಯಕತ್ವದ ಪ್ರವೃತ್ತಿಯ ಪಕ್ಕದಲ್ಲಿಯೇ ಸಹಪಾಠಿಗಳ ವಿಷಯದಲ್ಲಿ ಆಸ್ಥೆಯಿರಬೇಕೆಂಬ ಮಾತುಂಟು. ಮುಂದಾಳುತನವು ಪಕ್ಕದ ಮಣೆಯಲ್ಲಿ ಕುಳಿತವನ ಕಷ್ಟವನ್ನು ಗಮನಿಸುವಲ್ಲಿ ಮೊದಲಾಗುತ್ತದೆಂಬುದೇ ಇದರ ಅರ್ಥ.

ಈ ವೇತನವನ್ನು ಪಡೆದವರಲ್ಲಿ ನಮ್ಮವರೂ ಉಂಟು. ಇಲ್ಲಿಗೆ ದೂರವಲ್ಲದ ಮಾಥೇರಾನಿನಲ್ಲಿ 1938ರಲ್ಲಿ ಜನಿಸಿದ ಗಿರೀಶ ಕಾರ್ನಾಡರು ಶಿರಸಿ, ಧಾರವಾಡಗಳಲ್ಲಿ ಬೆಳೆದು, 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಪದವೀಧರರಾಗಿ, ರೋಡ್ಸ್ ವಿದ್ಯಾರ್ಥಿಯಾಗಿ 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. 1963ರಲ್ಲಿ ಅಲ್ಲಿನ ಚರ್ಚಾಸಂಸ್ಥೆಯಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಅವರ ‘ಯಯಾತಿ’ ನಾಟಕವು 1961ರಲ್ಲಿ ಪ್ರಕಟವಾದುದು ಕನ್ನಡದಲ್ಲಿ. ದೊಡ್ಡ ವೇತನಕ್ಕಾಗಿ ತಮ್ಮ ಭಾಷೆಯನ್ನು ಮರೆಮಾಡಬೇಕೆಂದು ಭಾವಿಸುವವರು ಇದನ್ನು ನೆನೆಯಲಿ.

ಇನ್ನು ಎರಡನೆಯ ಪ್ರಶ್ನೆ. ಸಂಬಂಧ ಬೆಳೆಸುವುದೆಂದೊಡನೆ ನಮ್ಮವರಿಗೆ ವಶೀಲಿಯೇ ನೆನಪಾಗುತ್ತದೆ. ದೊಡ್ಡವರ ಮನೆಬಾಗಿಲಲ್ಲಿ ಕಾದು ನಿಂತು ಚೀಟಿ ಬರೆಯಿಸಿಕೊಳ್ಳುವುದು ವಶೀಲಿ. ಅದರಲ್ಲಿ ಅರ್ಹತೆಗೆ ಸ್ಥಾನವಿಲ್ಲ. ಒಡನಾಟವೆಂಬುದು ಬೇರೆ. ಮುಂಬಯಿಯ ಚರ್ನಿ ರೋಡಿನ ಉದ್ಯಾನದಲ್ಲಿ ಒಬ್ಬ ಹುಡುಗ ದಿನವೂ ಕುಳಿತು ಓದುತ್ತಿದ್ದನು. ಉಪಾಧ್ಯಾಯರೂ ಲೇಖಕರೂ ಆಗಿದ್ದ ಕೃಷ್ಣರಾವ್ ಅರ್ಜುನ ಕೇಳುಸ್ಕರರು ಅದನ್ನು ಕಂಡು ಮಾತನಾಡಿಸಿದರು. ಅವನು 1907ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾದಾಗ ತಾವು ಬರೆದ ಬುದ್ಧಚರಿತ್ರೆಯನ್ನು ಕಾಣಿಕೆಯಾಗಿತ್ತರು. ಕಾಲೇಜಿನ ಓದಿಗೆ ಹಣವಿಲ್ಲದಾದಾಗ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಿಂದ ತಿಂಗಳಿಗೆ 25 ರೂಪಾಯಿಯ ವೇತನ ದೊರಕುವಂತೆ ಮಾಡಿದರು. ಆ ಹುಡುಗ 1912ರಲ್ಲಿ ಬಿ.ಎ. ಮುಗಿಸಿ, 1913ರಲ್ಲಿ ಬಡೋದೆಯ ವೇತನದಿಂದಲೇ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ತೆರಳಿದನು. ಅವರೇ ಡಾ. ಬಿ. ಆರ್. ಅಂಬೇಡ್ಕರರು. ಪರಿಚಯವನ್ನು ತಂದುಕೊಟ್ಟುದು ಪುಸ್ತಕ. ಓದು ಮೊದಲು, ಶಿಫಾರಸು ಆಮೇಲೆ. ಇದನ್ನು ವಶೀಲಿಯೆನ್ನುವವರುಂಟೇ?

ನಮಗೆ ಅಂತಹ ಉದ್ಯಾನ ಎಲ್ಲಿದೆಯೆಂದು ಕೇಳಬೇಡಿರಿ. ನಮ್ಮ ಠಾಣೆಯಲ್ಲಿ 1893ರಲ್ಲಿ ಸ್ಥಾಪಿತವಾದ ಮರಾಠಿ ಗ್ರಂಥಸಂಗ್ರಹಾಲಯವುಂಟು. ಕನ್ನಡ ಸಂಘಗಳುಂಟು. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡಿಗರೇ ನಡೆಸಿದ ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಬಳಿಗೆ ಹೋಗಿ ಮೊದಲು ಕೇಳಬೇಕಾದುದು ಪತ್ರವನ್ನಲ್ಲ, ಅವರ ಅನುಭವವನ್ನು. ಸಂಘದ ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸಿದ ಹುಡುಗನನ್ನು ಹಿರಿಯರು ಮರೆಯುವುದಿಲ್ಲ. ಕೊಡುವುದೂ ಪಡೆಯುವುದೂ ಎರಡೂ ಇದ್ದಾಗಲೇ ಅದು ಒಡನಾಟ.

ಹಾಗಾದರೆ ಅರ್ಜಿಯಲ್ಲಿ ಬರೆಯುವುದು ಹೇಗೆ? ಗುಣವನ್ನು ಹೇಳಬೇಡಿರಿ, ಮಾಡಿದ ಕೆಲಸವನ್ನು ಹೇಳಿರಿ. ಯಾವ ಕೊರತೆಯನ್ನು ಕಂಡಿರಿ, ನೀವು ಏನು ಮಾಡಿದಿರಿ, ಯಾರು ಜೊತೆಗೂಡಿದರು, ನೀವು ಇಲ್ಲದ ದಿನವೂ ಆ ಕೆಲಸ ನಡೆಯುತ್ತದೆಯೇ ಎಂಬ ನಾಲ್ಕಕ್ಕೆ ಉತ್ತರ ಬಂದರೆ ಸಾಕು. ಆ ವಿದ್ಯಾರ್ಥಿನಿಯು, “ನಮ್ಮ ಚಾಳಿನ ಹೆಂಗಸರಿಗೆ ಮರಾಠಿ ಕಾಗದಗಳು ಅರ್ಥವಾಗುತ್ತಿರಲಿಲ್ಲ. ನಾನು ಒಬ್ಬಳೇ ತುಂಬಿಕೊಡುತ್ತಿದ್ದೆ. ಸಾಲದೆ ಬಂದಾಗ ಇಬ್ಬರಿಗೆ ಕಲಿಸಿದೆ. ಈಗ ನನ್ನ ಪರೀಕ್ಷೆಯ ದಿನಗಳಲ್ಲಿ ಅವರು ನಡೆಸುತ್ತಾರೆ” ಎಂದು ಬರೆದಿದ್ದರೆ ನಾಯಕತ್ವವೆಂಬ ಶಬ್ದವೇ ಬೇಕಾಗುತ್ತಿರಲಿಲ್ಲ. ಶಿಫಾರಸು ಪತ್ರವನ್ನು ಪದವಿ ದೊಡ್ಡದಿರುವವರಿಂದ ಕೇಳುವ ಬದಲು, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಿಂದ ಕೇಳಿರಿ. ಕೊನೆಯ ದಿನಕ್ಕೆ ಎರಡು ಮೂರು ವಾರ ಮುಂಚೆಯೇ ಕೇಳಿರಿ.

ಇದು ಆತ್ಮಸ್ತುತಿಯಾಗದೇ ಎಂಬ ಸಂಕೋಚ ನಮ್ಮ ಮಕ್ಕಳಿಗೆ ಸಹಜ. ಅದು ಒಳ್ಳೆಯ ಸಂಸ್ಕಾರದ ಲಕ್ಷಣವೂ ಹೌದು. ಆದರೆ ಮಾಡದುದನ್ನು ಮಾಡಿದೆನೆನ್ನುವುದು ಸುಳ್ಳು. ಮಾಡಿದುದನ್ನು ಹಿಗ್ಗಿಸುವುದು ಜಂಬ. ಮಾಡಿದಷ್ಟನ್ನು ಮಾಡಿದಂತೆ ಹೇಳುವುದು ಲೆಕ್ಕ ಒಪ್ಪಿಸುವುದು. ಜೊತೆಗಾರರ ಪಾಲನ್ನೂ ಅದರಲ್ಲಿ ಸೇರಿಸಿದರೆ ಸಂಕೋಚಕ್ಕೆ ಎಡೆಯೇ ಇರದು.

ವೇತನ ಕೊಡುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ಶಾಲೆ ಬಿಟ್ಟೊಡನೆ ತಮ್ಮಂದಿರನ್ನು ನೋಡಿಕೊಳ್ಳಲು ಮನೆಗೆ ಓಡುವ ಹುಡುಗಿಗೂ ತಂದೆಯ ಅಂಗಡಿಯಲ್ಲಿ ಕೂರುವ ಹುಡುಗನಿಗೂ ಚರ್ಚಾಕೂಟದ ಪದವಿಗಳು ದೊರೆಯಲಾರವು. ಮನೆಯಲ್ಲಿ ಹೊತ್ತ ಹೊಣೆಯನ್ನೂ ನಿಮ್ಮ ಪ್ರಶ್ನೆಗಳು ವಿಚಾರಿಸಲಿ. ಇಲ್ಲವಾದರೆ ವೇತನವು ಬಿಡುವುಳ್ಳವರಿಗೇ ಸಂದು, ಬೇಕಾದವರಿಗೆ ಎಟುಕದೆ ಹೋದೀತು.

ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿಯೇ ಒಂದು ಎರಡು ದಮ್ಮಡಿಯ ಪುಸ್ತಕದಷ್ಟು ಸಣ್ಣ ಟಿಪ್ಪಣಿಪುಸ್ತಕವನ್ನು ಇಟ್ಟುಕೊಳ್ಳಿರಿ. ಇನ್ನೊಬ್ಬರಿಗಾಗಿ ಮಾಡಿದ ಕೆಲಸವನ್ನು ತಾರೀಖಿನೊಡನೆ ಒಂದೊಂದು ಸಾಲಿನಲ್ಲಿ ಬರೆದಿಡಿರಿ. ಅರ್ಜಿಯ ಕಾಲ ಬಂದಾಗ ಅದನ್ನು ನಮ್ಮಲ್ಲಿಗೆ ತನ್ನಿರಿ. ಮೂರು ಶಬ್ದಗಳ ಶಿಫಾರಸನ್ನು ಇನ್ನು ನಾವು ಬರೆಯುವುದಿಲ್ಲ. ಪುಸ್ತಕವನ್ನು ಓದಿದ ಮೇಲೆಯೇ ಬರೆಯುತ್ತೇವೆ.