ಹಳೆಯ ಹಿಂಡಿಗೆ ಹೊಸ ಮರಿಗಳು

ಕಳೆದ ಮಳೆಗಾಲದಲ್ಲಿ ನಾವು ಆತುರಪಟ್ಟು, ಐದು ವಾರದ ಆರು ಕೋಳಿಮರಿಗಳನ್ನು ಹಿತ್ತಲಿನ ಹಳೆಯ ಹೇಂಟೆಗಳ ನಡುವೆ ಬಿಟ್ಟೆವು. ಸಂಜೆಯೊಳಗಾಗಿ ಎರಡು ಮರಿಗಳು ಕುಕ್ಕಿಸಿಕೊಂಡು ಸತ್ತವು. ತಪ್ಪು ಹೇಂಟೆಗಳದ್ದಲ್ಲ, ನಮ್ಮದು. ಕೋಳಿಗಳು ಕುಕ್ಕಿಯೇ ತಮ್ಮ ಹಿರಿಕಿರಿತನವನ್ನು ನಿರ್ಣಯಿಸಿಕೊಳ್ಳುವುವೆಂಬುದನ್ನು ನಾರ್ವೆಯ ಷೆಲ್ಡೆರುಪ್-ಎಬ್ಬೆ ಎಂಬವರು 1922ರಲ್ಲಿಯೇ ಬರೆದು ಪ್ರಕಟಿಸಿದ್ದರು.

ಆದುದರಿಂದ ಎಂಟು ವಾರ ತುಂಬಿ ಗರಿ ಬಲಿಯುವವರೆಗೆ ಮರಿಗಳನ್ನು ಹಿಂಡಿಗೆ ಸೇರಿಸಬಾರದು. ಮೊದಲು ಎರಡು ವಾರ ನಡುವೆ ತಂತಿಬಲೆ ಕಟ್ಟಿ, ಒಂದನ್ನೊಂದು ನೋಡಲು ಮಾತ್ರ ಬಿಡತಕ್ಕದ್ದು. ಅನಂತರ ಬಲೆಯ ಬುಡದಲ್ಲಿ ಮರಿಯಷ್ಟೇ ನುಸುಳುವಂಥ ಕಂಡಿಯನ್ನು ತೆರೆಯಬೇಕು. ಅಟ್ಟಿದರೆ ಓಡಿ ಸೇರಲು ಅದೇ ಅವಕ್ಕೆ ಆಶ್ರಯ. ಮೊಟ್ಟೆಯಿಡುವ ಕೋಳಿಗಳ ಮೇವಿನಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಮರಿಗಳ ಮೂತ್ರಪಿಂಡಕ್ಕೆ ಕೇಡು. ಅವುಗಳ ಮೇವನ್ನು ಕಂಡಿಯೊಳಗೇ ಇಡಿರಿ. ರಕ್ತ ಕಂಡ ಮರಿಯನ್ನು ಕೂಡಲೇ ಬೇರ್ಪಡಿಸಿರಿ.

ಉಳಿದ ನಾಲ್ಕನ್ನು ನಾವು ಹೀಗೆಯೇ ಸೇರಿಸಿದೆವು. ಈಗ ಅವು ಹಳೆಯವುಗಳೊಡನೆ ಒಂದೇ ಅಡ್ಡಗೋಲಿನ ಮೇಲೆ ರಾತ್ರಿ ಕಳೆಯುತ್ತವೆ.