ಕಡಲೆ ಸೀಮೆಗೆ ದೆಹಲಿಯ ಲೆಕ್ಕ ಬರಲಿ

ಲೋಕಸಭೆಗೆ ನಿಂತ ಪ್ರತಿ ಅಭ್ಯರ್ಥಿಗೂ ಚುನಾವಣಾಧಿಕಾರಿ ಒಂದು ರಿಜಿಸ್ಟರ್ ಕೊಡುತ್ತಾರೆ. ಅದರಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕಿನ ವ್ಯವಹಾರ. ಕುಂದಗೋಳದಲ್ಲೊಂದು ಸಭೆ ನಡೆದರೆ ಪೆಂಡಾಲಿಗೆಷ್ಟು, ಕುರ್ಚಿ ಎಷ್ಟು, ಮೈಕ್ ಸೆಟ್ಟಿಗೆ ಎಷ್ಟು ಕೊಟ್ಟರು, ಚಹಾ ಎಷ್ಟು ಕಪ್ ಆಯಿತು ಎಂಬುದೆಲ್ಲ ಬಿಳಿ ಹಾಳೆಗೆ ಬರಬೇಕು. ಜಿಲ್ಲಾಡಳಿತ ಮೊದಲೇ ಗೊತ್ತುಮಾಡಿದ ದರಪಟ್ಟಿ ಇರುತ್ತದೆ. ವಿಡಿಯೊ ತಂಡ ಹಿಡಿದ ಚಿತ್ರಕ್ಕೂ ಅಭ್ಯರ್ಥಿ ಬರೆದ ಲೆಕ್ಕಕ್ಕೂ ತಾಳೆ ನೋಡುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಕಾರಣವಿಲ್ಲದೆ ತಪ್ಪಿಸಿದವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಇಷ್ಟು ಬಿಗಿಯಾದ ಈ ಲೆಕ್ಕದ ಮಿತಿ 95 ಲಕ್ಷ ರೂಪಾಯಿ. 2024ರಲ್ಲಿ ಧಾರವಾಡ ಕ್ಷೇತ್ರದ ಮತದಾರರು ಸುಮಾರು 18 ಲಕ್ಷ. ತಲೆಗೆ ಐದು ರೂಪಾಯಿ ಚಿಲ್ಲರೆ ಬೀಳುತ್ತದೆ. ಅಣ್ಣಿಗೇರಿಯ ಎರಿ ಭೂಮಿಯಿಂದ ಕಲಘಟಗಿಯ ಕಾಡಂಚಿನವರೆಗೆ, ಅತ್ತ ಹಾವೇರಿ ಜಿಲ್ಲೆಯ ಶಿಗ್ಗಾವಿಯವರೆಗೆ ಹರಡಿದ ಕ್ಷೇತ್ರದಲ್ಲಿ ಇಷ್ಟರಲ್ಲೇ ಚುನಾವಣೆ ಮುಗಿಯುತ್ತದೆ ಎಂದು ನಂಬುವವರನ್ನು ನಾನಂತೂ ಕಂಡಿಲ್ಲ. ಅಭ್ಯರ್ಥಿಗಿರುವ ಮಿತಿ ಪಕ್ಷಕ್ಕಿಲ್ಲ. ತಾರಾ ಪ್ರಚಾರಕರ ವಿಮಾನ, ಹೆಲಿಕಾಪ್ಟರಿನ ಖರ್ಚು ಅಭ್ಯರ್ಥಿಯ ರಿಜಿಸ್ಟರಿಗೆ ಬರುವುದಿಲ್ಲ. 1974ರ ಅಕ್ಟೋಬರಿನಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಹಿಡಿಯಬೇಕು ಎಂದಿತ್ತು. ಅದೇ ತಿಂಗಳು ಸುಗ್ರೀವಾಜ್ಞೆ ತಂದು ಆ ಮಾತನ್ನು ಅಳಿಸಿದರು. ಆಗ ದೆಹಲಿಯಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಕಾನೂನು ಮುಂದೆ ಬದಲಾಯಿತು, ಆದರೆ ದೊಡ್ಡ ಹಣಕ್ಕೆ ತೆರೆದಿಟ್ಟ ಆ ಬಾಗಿಲನ್ನು ಯಾವ ಪಕ್ಷವೂ ಪೂರ್ತಿ ಮುಚ್ಚಲಿಲ್ಲ.

ಹಣದ ಲೆಕ್ಕ ಹೀಗಾಯಿತು. ಕೆಲಸದ ಲೆಕ್ಕ ಕೇಳೋಣ ಎಂದರೆ ಅಲ್ಲಿಯೂ ತೊಡಕು.

ಹಳೆಯ ಧಾರವಾಡ ಉತ್ತರ, 2008ರ ವಿಂಗಡಣೆಯ ನಂತರದ ಧಾರವಾಡ ಎಂದು ಸೇರಿಸಿ ನೋಡಿದರೆ 1952ರಿಂದ ಇಲ್ಲಿಯವರೆಗೆ ದೆಹಲಿಗೆ ಹೋದವರು ಐದೇ ಜನ: ಡಿ.ಪಿ. ಕರಮರಕರ, ಸರೋಜಿನಿ ಮಹಿಷಿ, ಡಿ.ಕೆ. ನಾಯ್ಕರ್, ವಿಜಯ ಸಂಕೇಶ್ವರ, 2004ರಿಂದ ಪ್ರಲ್ಹಾದ ಜೋಶಿ. ನಮ್ಮ ಜನ ಒಬ್ಬರನ್ನು ಆರಿಸಿದರೆ ಗಟ್ಟಿಯಾಗಿ ನಂಬುತ್ತಾರೆ. ಜೋಶಿಯವರಿಗೆ ಐದು ಸಲ ಮತ ಕೊಟ್ಟಿದ್ದಾರೆ. 2019ರಲ್ಲಿ ಎರಡು ಲಕ್ಷ ದಾಟಿದ್ದ ಅಂತರ 2024ರಲ್ಲಿ ಒಂದು ಲಕ್ಷದೊಳಗೆ ಇಳಿಯಿತು, ಅಷ್ಟೇ. ಅವರು 2019ರಿಂದ ಕೇಂದ್ರದಲ್ಲಿ ಸಂಪುಟ ಸಚಿವರು. ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಮಸೂದೆ ತರುವುದಿಲ್ಲ. ಸಂಸದರು ಎಷ್ಟು ಪ್ರಶ್ನೆ ಕೇಳಿದರು ಎಂದು ಪತ್ರಿಕೆಗಳು ಕೊಡುವ ಅಂಕಪಟ್ಟಿ ಹಾಗಾಗಿ ನಮಗೆ ಉಪಯೋಗಕ್ಕೆ ಬಾರದು. ಅವರ ಖಾತೆ ತೆಗೆದುಕೊಂಡ ತೀರ್ಮಾನಗಳೇ ಅವರ ಕೆಲಸದ ಲೆಕ್ಕ.

ಆ ಖಾತೆ ಯಾವುದು? 2024ರ ಜೂನ್‌ನಿಂದ ಆಹಾರ, ಗ್ರಾಹಕ ವ್ಯವಹಾರ, ಜೊತೆಗೆ ನವೀಕರಿಸಬಹುದಾದ ಇಂಧನ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ರೈತನಿಗೆ ದೆಹಲಿಯಲ್ಲಿ ಇದಕ್ಕಿಂತ ಹತ್ತಿರದ ಖಾತೆ ಇನ್ನೊಂದಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ನಡುವೆ ಉಳ್ಳಾಗಡ್ಡಿ, ಒಣಮೆಣಸಿನಕಾಯಿ: ಇದು ಇಲ್ಲಿನ ಬದುಕು. ಬೇಳೆಕಾಳು, ಉಳ್ಳಾಗಡ್ಡಿಯ ಬೆಲೆ ಏರದಂತೆ ನೋಡಿಕೊಳ್ಳುವುದು ಗ್ರಾಹಕ ವ್ಯವಹಾರ ಇಲಾಖೆಯ ಕರ್ತವ್ಯ. ಅಂದರೆ ಬೆಳೆಯುವವರ ಪ್ರತಿನಿಧಿಯೇ ಕೊಳ್ಳುವವರ ಸಚಿವರು. ಇದು ಅವರ ತಪ್ಪಲ್ಲ, ಪ್ರಧಾನಿ ಕೊಟ್ಟ ಹೊಣೆ. ಆದರೆ ಈ ಎರಡರ ನಡುವೆ ತಕ್ಕಡಿ ಎತ್ತ ವಾಲಿತು ಎಂದು ಕೇಳುವ ಹಕ್ಕು ಎರಿ ಹೊಲದವರಿಗಿದೆ.

ಹಳದಿ ಬಟಾಣಿಯನ್ನೇ ನೋಡಿ. ಕೆನಡಾ, ರಷ್ಯಾಗಳಿಂದ ಬರುವ ಅಗ್ಗದ ಕಾಳು. ಕಡಲೆ ಹಿಟ್ಟಿನ ಜಾಗದಲ್ಲಿ ಇದರ ಹಿಟ್ಟು ಸಲೀಸಾಗಿ ಕೂರುತ್ತದೆ. 2023ರ ಡಿಸೆಂಬರಿನಲ್ಲಿ, ಜೋಶಿಯವರು ಈ ಖಾತೆಗೆ ಬರುವ ಮೊದಲೇ, ಇದರ ಆಮದು ಸುಂಕ ತೆಗೆದರು. ಅವರು ಬಂದ ಮೇಲೂ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. 2024ರ ಮೇನಲ್ಲಿ ಕಡಲೆಯ ಸುಂಕವೂ ಹೋಯಿತು. 2024–25ರಲ್ಲಿ ದೇಶಕ್ಕೆ ಬಂದ ಬೇಳೆಕಾಳು 70 ಲಕ್ಷ ಟನ್ ದಾಟಿತು. ಕಡಲೆಗೆ ಶೇ 10ರ ಸುಂಕ ಮರಳಿದ್ದು 2025ರ ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ನಮ್ಮ ಭಾಗದ ಹಿಂಗಾರಿ ಕಡಲೆಯ ರಾಶಿ ಮುಗಿದಿತ್ತು, ಸಾಲ ತೀರಿಸಲೇಬೇಕಾದವರು ಮಾರಿಯೂ ಆಗಿತ್ತು. ಹಳದಿ ಬಟಾಣಿಗೆ ಶೇ 30 ಸುಂಕ ಬಿದ್ದದ್ದು ಇನ್ನೂ ತಡವಾಗಿ, ಅದೇ ವರ್ಷದ ನವೆಂಬರಿನಲ್ಲಿ. ಸುಂಕದ ಆದೇಶಕ್ಕೆ ಸಹಿ ಹಾಕುವವರು ಹಣಕಾಸು ಸಚಿವಾಲಯದವರು, ನಿಜ. ಆದರೆ ಬೇಳೆಯ ಬೆಲೆಯ ಮೇಲೆ ಕಣ್ಣಿಟ್ಟು ಸಲಹೆ ಕೊಡುವ ಇಲಾಖೆ ಜೋಶಿಯವರದೇ. ಆ ಸಭೆಗಳಲ್ಲಿ ಅಣ್ಣಿಗೇರಿಯ ಕಡಲೆಯ ಪರವಾಗಿ ಏನು ಮಾತಾಡಿದಿರಿ ಎಂಬುದು ನ್ಯಾಯವಾದ ಪ್ರಶ್ನೆ.

2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಅವರು ‘ಭಾರತ್’ ಕಡಲೆಬೇಳೆಯ ಎರಡನೇ ಹಂತಕ್ಕೆ ಚಾಲನೆ ಕೊಟ್ಟರು, ಕಿಲೋಗೆ 70 ರೂಪಾಯಿ. ಪಟ್ಟಣದ ಬಡವರಿಗೆ ಅದು ನಿಜವಾದ ನೆರವು, ನಾನು ಒಪ್ಪುತ್ತೇನೆ. ಅದೇ ವರ್ಷ ಹೆಸರಿನ ಬೆಲೆ ಬಿದ್ದಾಗ ಕ್ವಿಂಟಲಿಗೆ 8,682 ರೂಪಾಯಿ ಬೆಂಬಲ ಬೆಲೆಯಲ್ಲಿ ಕರ್ನಾಟಕದಲ್ಲಿ ಖರೀದಿಗೆ ಕೇಂದ್ರದ ಒಪ್ಪಿಗೆ ಬಂದದ್ದನ್ನು ಪ್ರಕಟಿಸಿದವರೂ ಅವರೇ. ಇದನ್ನೂ ಮರೆಯಬಾರದು. ಆದರೆ ಒಪ್ಪಿಗೆ ಬಂದ ದಿನಕ್ಕೂ ಕಾಳು ತೂಗುವ ದಿನಕ್ಕೂ ನಡುವೆ ಬಹಳ ದೂರವಿದೆ. ಖರೀದಿ ಕೇಂದ್ರದ ಬಾಗಿಲಲ್ಲಿ ನಿಂತು ನೋಡಿದವರಿಗೆ ಗೊತ್ತು: ಹೆಬ್ಬೆರಳು ಒತ್ತಿ ನೋಂದಣಿ, ಸರ್ವರ್ ಬಂದಾಗ ಬಂತು, ಎಕರೆಗೆ ಇಷ್ಟೇ ಎಂಬ ಮಿತಿ, ಮಳೆಗೆ ಸಿಕ್ಕ ಕಾಳಿನಲ್ಲಿ ತೇವಾಂಶ ಹೆಚ್ಚೆಂದು ವಾಪಸ್, ಖಾಲಿ ಚೀಲ ಬಂದಿಲ್ಲವೆಂದು ನಾಳೆ ಬಾ. ‘ಕೇಂದ್ರ ತೆರಿಯೂದ್ರಾಗ ನಮ್ಮ ಹೆಸರು ಮಾರಿ ಮುಗದಿರ್ತೈತಿ’ ಎಂಬ ಮಾತನ್ನು ನವಲಗುಂದ ಕಡೆ ಪ್ರತಿ ಮುಂಗಾರಿಗೂ ಕೇಳುತ್ತೇವೆ. ಇದರಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ. ಕೇಂದ್ರ ರಾಜ್ಯದ ಕಡೆ, ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸುವಷ್ಟರಲ್ಲಿ ಕಾಳು ದಲಾಲಿ ಅಂಗಡಿ ಸೇರಿರುತ್ತದೆ.

ಮಹದಾಯಿ ನದಿ ನೀರಿನ ಮಾತು ಎತ್ತದೆ ನವಲಗುಂದದ ಬಗ್ಗೆ ಬರೆಯುವಂತಿಲ್ಲ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಅಧಿಸೂಚನೆ ಬಂತು. ವಿಧಾನಸಭೆ ಚುನಾವಣೆಗೆ ಐದು ತಿಂಗಳಿರುವಾಗ, 2022ರ ಡಿಸೆಂಬರಿನಲ್ಲಿ, ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ. ಆಮೇಲೆ ಅರಣ್ಯ, ವನ್ಯಜೀವಿ ಅನುಮತಿ ಎಂದು ಕಡತ ದೆಹಲಿಯಲ್ಲೇ ಸುತ್ತಿತು. 2016ರಲ್ಲಿ ಯಮನೂರಿನ ಮನೆಗಳಿಗೆ ನುಗ್ಗಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಬಡಿದದ್ದು ಇದೇ ನೀರಿನ ಹೋರಾಟದಲ್ಲಿ. ಆಗ ರಾಜ್ಯದಲ್ಲಿ ಕಾಂಗ್ರೆಸ್ ಇತ್ತು. ಎರಡೂ ಕಡೆಯವರು ಈ ಜನಕ್ಕೆ ಉತ್ತರ ಕೊಡಬೇಕು.

ಮತ್ತೆ ಹಣಕ್ಕೆ ಬರುತ್ತೇನೆ. 2019ರಿಂದ 2024ರವರೆಗೆ ಜೋಶಿಯವರು ಕಲ್ಲಿದ್ದಲು ಮತ್ತು ಗಣಿ ಸಚಿವರು. ಅದೇ ವರ್ಷಗಳಲ್ಲಿ ಗಣಿ ಉದ್ಯಮದ ವೇದಾಂತ ಸುಮಾರು 400 ಕೋಟಿ, ಎಸ್ಸೆಲ್ ಮೈನಿಂಗ್ ಸುಮಾರು 224 ಕೋಟಿ ರೂಪಾಯಿಯ ಚುನಾವಣಾ ಬಾಂಡ್ ಕೊಂಡವು. ಜೋಶಿಯವರ ಪಕ್ಷ ಬಿಜೆಪಿಗೂ ಬಿಜೆಡಿಗೂ ಎರಡೂ ಕಂಪನಿಗಳ ಹಣ ಹೋಗಿದೆ. ವೇದಾಂತದ್ದು ಕಾಂಗ್ರೆಸ್ಸಿಗೂ ಹೋಗಿದೆ. ಸಚಿವರ ಯಾವುದೇ ತೀರ್ಮಾನಕ್ಕೂ ಈ ದೇಣಿಗೆಗೂ ನಂಟಿದೆ ಎನ್ನಲು ಆಧಾರವಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ನನ್ನ ಸಂಕಟ ಬೇರೆ. ಬಾಂಡಿನ ವ್ಯವಸ್ಥೆಯನ್ನು 2017ರಲ್ಲಿ ಹಣಕಾಸು ಮಸೂದೆಯೊಳಗೆ ಸೇರಿಸಿ ತಂದರು, ರಾಜ್ಯಸಭೆ ತಡೆಯಲಾಗದಂತೆ. ಯಾರು ಯಾರಿಗೆ ಕೊಟ್ಟರೆಂಬುದು ಮತದಾರನಿಗೆ ತಿಳಿಯದಂತೆ ಕಾನೂನೇ ಮುಚ್ಚಿಟ್ಟಿತು. ಸುಪ್ರೀಂ ಕೋರ್ಟು 2024ರ ಫೆಬ್ರುವರಿ 15ರಂದು ಅದನ್ನು ರದ್ದುಮಾಡಿ, ಮಾರ್ಚಿನಲ್ಲಿ ಹೆಸರುಗಳು ಹೊರಬಿದ್ದ ಮೇಲಷ್ಟೇ ನಂಟು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದಾದರೂ ಸಾಧ್ಯವಾಯಿತು. 2019ರಲ್ಲಿ ಕುಂದಗೋಳದವರು ಏನೂ ತಿಳಿಯದೆ ಮತ ಹಾಕಿದ್ದರು. ಬಾಂಡ್ ಹೋದರೂ 20,000 ರೂಪಾಯಿವರೆಗಿನ ದೇಣಿಗೆಗೆ ಇಂದಿಗೂ ಹೆಸರು ಬಹಿರಂಗಪಡಿಸಬೇಕಿಲ್ಲ.

ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಯಾಕೆ ಎಂದು 1980ರ ಜುಲೈ 21ರಂದು ಸರ್ಕಾರವನ್ನು ಎದುರಿಸಿ ಗುಂಡು ತಿಂದ ಊರು ನವಲಗುಂದ. ಪ್ರತಿ ವರ್ಷ ಆ ದಿನ ಎಲ್ಲ ಪಕ್ಷದವರೂ ಹುತಾತ್ಮರ ಸ್ಮಾರಕಕ್ಕೆ ಮಾಲೆ ಹಾಕಲು ಬರುತ್ತಾರೆ. ಬರುವಾಗ ಒಂದು ಕಾಗದ ತರಲಿ. ಧಾರವಾಡ ಕ್ಷೇತ್ರದಲ್ಲಿ ತಮ್ಮ ಪಕ್ಷ ಅಭ್ಯರ್ಥಿಯ ಲೆಕ್ಕದ ಹೊರಗೆ ಎಷ್ಟು ಖರ್ಚು ಮಾಡಿತು, ಆ ಹಣ ಯಾರದು ಎಂದು ಕನ್ನಡದಲ್ಲಿ ಬರೆದು ತರಲಿ, ಗೆದ್ದವರೂ ಸೋತವರೂ. ಸಚಿವರು ಇನ್ನೊಂದು ಕೆಲಸ ಮಾಡಬಹುದು. ಪ್ರತಿ ಜನವರಿಯಲ್ಲಿ, ಕಡಲೆ ಮಾರುಕಟ್ಟೆಗೆ ಬರುವ ಮೊದಲು, ತಮ್ಮ ಇಲಾಖೆಯ ಅಧಿಕಾರಿಗಳನ್ನು ಅಣ್ಣಿಗೇರಿಯ ಎಪಿಎಂಸಿಗೆ ಕರೆತಂದು, ಈ ವರ್ಷ ಎಷ್ಟು ಆಮದಾಗುತ್ತದೆ, ಸುಂಕ ಎಷ್ಟಿರುತ್ತದೆ, ಖರೀದಿ ಕೇಂದ್ರ ಯಾವ ತಾರೀಖಿಗೆ ತೆರೆಯುತ್ತದೆ ಎಂದು ರೈತರ ಮುಂದೆ ಹೇಳಲಿ.