ಉದ್ರಿ ಪುಸ್ತಕದ ಮುಂಬಯಿ

ಮುಂಬಯಿ ಕನ್ನಡಿಗರ ಚರಿತ್ರೆ ಬರೆಯಲು ಕೂತವರೆಲ್ಲ ಹೋಟೆಲಿನಿಂದ ಶುರುಮಾಡುತ್ತಾರೆ. ತಪ್ಪೇನಿಲ್ಲ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಹಗಲಿಡೀ ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಓದಿದ ಹುಡುಗರು, ಅವರೇ ಮುಂದೆ ಕಟ್ಟಿದ ಸಂಘಗಳು, ಬ್ಯಾಂಕುಗಳು, ಶಾಲೆಗಳು - ಎಲ್ಲವೂ ಹೇಳಲೇಬೇಕಾದ ಕಥೆಗಳು. ಆದರೆ ಅದೇ ರಸ್ತೆಯಲ್ಲಿ, ಹೋಟೆಲಿನಿಂದ ನಾಲ್ಕು ಬಾಗಿಲು ಆಚೆ, ಗೋಣಿಚೀಲಗಳ ನಡುವೆ ಕೂತು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತಕ್ಕಡಿ ಹಿಡಿದವರು ಆ ಕಥೆಯೊಳಗೆ ಬರುವುದೇ ಇಲ್ಲ. ನನ್ನ ಅಜ್ಜ-ಅಜ್ಜಿ ಅಂಥವರು. ಮುಲುಂಡಿನಲ್ಲಿ ಅವರಿಗೊಂದು ಜೀನಸಿನ ಅಂಗಡಿ ಇತ್ತು.

ಇವತ್ತಿನ ಮುಲುಂಡ್ ನೋಡಿದವರಿಗೆ ನಂಬಿಕೆ ಬರಲಿಕ್ಕಿಲ್ಲ, ಅವರು ಅಂಗಡಿ ಹಾಕಿದಾಗ ಅದು ಮುಂಬಯಿಯೇ ಆಗಿರಲಿಲ್ಲ. ಠಾಣೆ ಜಿಲ್ಲೆಯ ಒಂದು ಸಣ್ಣ ಪೇಟೆ. 1950ರಲ್ಲಿ ಬೃಹನ್ಮುಂಬಯಿಯ ಗಡಿ ಭಾಂಡುಪಿನವರೆಗೆ ಬಂದು ನಿಂತಿತು. ಮುಲುಂಡ್ ಒಳಗೆ ಬಂದದ್ದು 1957ರಲ್ಲಿ. ಅದೇ ವರ್ಷದ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. ಅಜ್ಜಿಗೆ ಪೇಟೆ ನಗರವಾದದ್ದು ನೆನಪಿರಲಿಲ್ಲ. ಆಣೆ ಪೈಸೆಯಾದದ್ದು ಮಾತ್ರ ಕೊನೆಯವರೆಗೂ ನೆನಪಿತ್ತು. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು: ಈ ಲೆಕ್ಕ ಗಿರಾಕಿಗೆ ಒಪ್ಪಿಸಬೇಕಾದವರು ಸರಕಾರದವರಲ್ಲ, ಅಂಗಡಿಯವರು. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಒಯ್ದವನಿಗೆ ಇಪ್ಪತ್ತನಾಲ್ಕು ಪೈಸೆ, ಒಮ್ಮೆಲೇ ಒಯ್ದವನಿಗೆ ಇಪ್ಪತ್ತೈದು. ಈ ಒಂದು ಪೈಸೆಯ ಜಗಳ ಬಿಡಿಸುವಷ್ಟರಲ್ಲಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು-ತೊಲೆ ಹೋಗಿ ಕಿಲೋ-ಗ್ರಾಮ್ ಬಂತು. ಒಂದು ಸೇರೆಂದರೆ 933 ಗ್ರಾಮ್. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಹೆಂಗಸು ಇಡೀ ಓಣಿಗೆ ದಶಮಾಂಶ ಕಲಿಸಿದಳು.

ಅಜ್ಜ ಕಾರ್ಕಳದ ಕಡೆಯವರು. ಮನೆಯಲ್ಲಿ ತುಳು, ಗಿರಾಕಿಗಳ ಜೊತೆ ಮರಾಠಿ, ದಾಣಾಬಂದರಿನ ಸಗಟು ವ್ಯಾಪಾರಿಗಳ ಹತ್ತಿರ ಗುಜರಾತಿ ಬೆರೆತ ಹಿಂದಿ. ಲೆಕ್ಕ ಬರೆಯುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ಕೆಂಪು ಬಟ್ಟೆಯ ರಟ್ಟಿನ ಆ ಉದ್ದನೆಯ ಪುಸ್ತಕಗಳಲ್ಲಿ ಕೆಲವು ಈಗ ನನ್ನ ಬಳಿ ಇವೆ. ಅವುಗಳಲ್ಲಿ ಗಿರಾಕಿಗಳ ಹೆಸರುಗಳು ಕಡಿಮೆ. ‘ಎರಡನೇ ಚಾಳಿನ ಟೇಲರ್’, ‘ಬೋರಿನ ಹತ್ತಿರದ ಬಾಯಿ’, ‘ರೈಲ್ವೆ ಮಾಮಾ’ ಹೀಗೆ. ಅದರ ಕೆಳಗೆ ಸಾಲು ಸಾಲಾಗಿ ಅಕ್ಕಿ, ಬೇಳೆ, ಎಣ್ಣೆ, ಚಾಪುಡಿ, ಸಾಬೂನು.

ಓದಲು ಗೊತ್ತಿದ್ದರೆ ಅದರಲ್ಲಿ ಒಂದು ಓಣಿಯ ಇಡೀ ಬದುಕಿದೆ. ಸಂಬಳದ ದಿನ, ಅಂದರೆ ತಿಂಗಳ ಹತ್ತರ ಸುಮಾರಿಗೆ, ಒಂದು ಕಿಲೋ ತೊಗರಿಬೇಳೆ ಒಯ್ದ ಮನೆ ಇಪ್ಪತ್ತೈದರ ನಂತರ ನೂರು ನೂರು ಗ್ರಾಮಿಗೆ ಇಳಿಯುತ್ತದೆ. ಒಂದು ಮನೆಯ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಡಿಂಕ, ಅಳೀವ, ತುಪ್ಪ, ಶುಂಠಿ ಬಂತೆಂದರೆ ಅಲ್ಲಿ ಬಾಣಂತಿ ಇದ್ದಾಳೆ. ಭಾದ್ರಪದಕ್ಕೆ ಎಲ್ಲರ ಪುಟದಲ್ಲೂ ಬೆಲ್ಲ ಏರುತ್ತದೆ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ತೆಂಗಿನೆಣ್ಣೆ ಮೂರೂ ಒಟ್ಟಿಗೆ ಇದ್ದರೆ ಅದು ನಮ್ಮ ಊರಿನವರ ಮನೆ ಎಂದು ಕಣ್ಣುಮುಚ್ಚಿ ಹೇಳಬಹುದು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಊರಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಂಗಳೂರು ಸೌತೆ ನಮ್ಮ ಅಂಗಡಿಗೆ ಬರುತ್ತಿದ್ದದ್ದು ಬಸ್ಸು-ಲಾರಿಗಳಲ್ಲಿ. ಅವು ಬಂದ ದಿನ ಠಾಣೆಯಿಂದಲೂ ಜನ ಬರುತ್ತಿದ್ದರು. ಸೌತೆಕಾಯಿ ಕೊಳ್ಳುವ ನೆಪ. ಊರಿನಲ್ಲಿ ಮಳೆ ಹೇಗೆ, ಯಾರಿಗೆ ಹುಷಾರಿಲ್ಲ, ಯಾರ ಜಾಗ ಮಾರಾಟಕ್ಕಿದೆ ಎಂದು ಕೇಳಿ ಹೋಗಲು.

ಅಜ್ಜನ ಉದ್ರಿಗೆ ಬಡ್ಡಿ ಇರಲಿಲ್ಲ. ಆದರೆ ಅದನ್ನು ಬರೀ ಔದಾರ್ಯ ಎಂದು ಹೇಳಿದರೆ ಸುಳ್ಳಾಗುತ್ತದೆ. ಉದ್ರಿಯ ಖರ್ಚು ಬೆಲೆಯೊಳಗೇ ಇತ್ತು: ನಮ್ಮಲ್ಲಿ ಸಕ್ಕರೆ ಕಿಲೋಗೆ ಹತ್ತು ಪೈಸೆ ಜಾಸ್ತಿ. ನಗದು ಕೊಟ್ಟವನೂ ಅದನ್ನೇ ಕೊಡುತ್ತಿದ್ದ. ಅಂದರೆ ಸ್ವಲ್ಪ ಇದ್ದವರು ಇಲ್ಲದವರ ಸಾಲದ ಭಾರವನ್ನು ಗೊತ್ತಿಲ್ಲದೆಯೇ ಹೊರುತ್ತಿದ್ದರು. ಬ್ಯಾಂಕಿನ ಬಾಗಿಲು ತುಳಿಯದ ಕುಟುಂಬಗಳಿಗೆ ತಿಂಗಳ ಕೊನೆಯ ವಾರ ದಾಟಿಸಿದ್ದು ಈ ಏರ್ಪಾಡು. ಹಾಗೆಂದು ಎಲ್ಲ ಅಂಗಡಿಯವರೂ ಹೀಗಿರಲಿಲ್ಲ. ತೂಕದಲ್ಲಿ ಕೈಚಳಕ ತೋರಿಸಿದವರು, ಗೋದಾಮಿನಲ್ಲಿ ಎಣ್ಣೆ ಬಚ್ಚಿಟ್ಟವರು ನಮ್ಮವರಲ್ಲೂ ಇದ್ದರು. 1972ರ ಆಸುಪಾಸಿನಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಹಿಂದೆ ಹೆಂಗಸರು ಲಟ್ಟಣಿಗೆ, ತಟ್ಟೆ ಹಿಡಿದು ಬೆಲೆಯೇರಿಕೆಯ ವಿರುದ್ಧ ಬೀದಿಗಿಳಿದಾಗ ಅವರ ಸಿಟ್ಟು ದಾಸ್ತಾನುಕೋರರ ಮೇಲೂ ಇತ್ತು. ಆ ಸಿಟ್ಟು ನ್ಯಾಯವಾದದ್ದೇ. ಅಂಗಡಿಯ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತಿದ್ದ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು.

ಪುಸ್ತಕದ ನಿಜವಾದ ಪರೀಕ್ಷೆ ನಡೆದದ್ದು 1982ರಲ್ಲಿ. ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಎರಡೂವರೆ ಲಕ್ಷದಷ್ಟು ಬಟ್ಟೆ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಲುಂಡಿನಿಂದ ಪರಳದ ಗಿರಣಿಗಳಿಗೆ ಲೋಕಲ್ ಹಿಡಿದು ಪಾಳಿಗೆ ಹೋಗುತ್ತಿದ್ದವರು ನಮ್ಮ ಗಿರಾಕಿಗಳಲ್ಲೂ ಇದ್ದರು. ಆ ವರ್ಷದ ಪುಸ್ತಕದಲ್ಲಿ ಅವರ ಪುಟಗಳು ಹತ್ತನೇ ತಾರೀಖಿಗೆ ಚುಕ್ತಾ ಆಗುವುದು ನಿಲ್ಲುತ್ತದೆ. ಬಾಕಿ ಮುಂದಿನ ಪುಟಕ್ಕೆ, ಅಲ್ಲಿಂದ ಅದರ ಮುಂದಿನ ಪುಟಕ್ಕೆ. ಮಳೆಗಾಲದ ಹೊತ್ತಿಗೆ ಬೇಳೆ ಹೋಗಿ ಬರೀ ಅಕ್ಕಿ, ಉಪ್ಪು, ಮೆಣಸು. ಮುಷ್ಕರವನ್ನು ಯಾರೂ ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಎಷ್ಟೋ ಪುಟಗಳೂ ಹಾಗೆಯೇ ಮುಗಿಯದೆ ಉಳಿದವು. ಕೆಲವರು ಮನೆ ಮಾರಿ ಕೊಂಕಣದ ಹಳ್ಳಿಗಳಿಗೆ ಹೊರಟುಹೋದರು. ಅವರಲ್ಲಿ ಒಬ್ಬರು ಎಷ್ಟೋ ವರ್ಷಗಳ ನಂತರ ಮಗನ ಕೈಯಲ್ಲಿ ಹಣ ಕಳಿಸಿದರು. ಅಜ್ಜ ಹಳೆಯ ಪುಸ್ತಕ ಹುಡುಕಿ ಆ ಪುಟಕ್ಕೆ ಗೆರೆ ಎಳೆದು, ತಾರೀಖು ಹಾಕಿ ಸಹಿ ಮಾಡಿದ್ದಾರೆ.

ಗಿರಣಿ ಮುಷ್ಕರದ ಬಗ್ಗೆ ಬರೆದವರು ಕಾರ್ಮಿಕರನ್ನು, ಮಾಲೀಕರನ್ನು, ಮುಂದಾಳನ್ನು, ಆಮೇಲೆ ಗಿರಣಿಗಳ ಜಾಗದಲ್ಲಿ ಎದ್ದ ಗೋಪುರಗಳನ್ನು ಹೇಳುತ್ತಾರೆ. ಸಂಬಳವಿಲ್ಲದ ಅಷ್ಟು ತಿಂಗಳು ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಂಥ ಅಂಗಡಿಗಳ ಲೆಕ್ಕದಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ಅಜ್ಜಿ. ಅಂಗಡಿಯ ಗುಮಾಸ್ತಾ ಲೈಸೆನ್ಸು ಅಜ್ಜನ ಹೆಸರಿನಲ್ಲಿತ್ತು, ಬೋರ್ಡಿನಲ್ಲಿ ದೇವರ ಹೆಸರು. ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಆದರೆ ಅಕ್ಕಿಯ ಕಲ್ಲು ಆರಿಸಿದವಳು ಅವಳು, ಹಳೆಯ ಪೇಪರಿನಲ್ಲಿ ಪೊಟ್ಟಣ ಮಡಚಿದವಳು ಅವಳು, ಸಾರಿನ ಪುಡಿ ಹುರಿದು ಮಾರಿದವಳು ಅವಳು. ಅಜ್ಜ ಊಟ ಮಾಡಿ ಮಲಗಿದ ಮಧ್ಯಾಹ್ನಗಳಲ್ಲಿ ಅಂಗಡಿ ಪೂರ್ತಿ ಅವಳದು. ಉದ್ರಿ ಕೇಳಲು ಹೆಂಗಸರು ಬರುತ್ತಿದ್ದದ್ದು ಆ ಹೊತ್ತಿಗೇ, ಗಂಡಸರ ಎದುರು ಕೇಳಲು ಸಂಕೋಚಪಟ್ಟವರು. ಅಂಥ ಸಾಲವನ್ನು ಅವಳು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಅರ್ಧ ಲೆಕ್ಕ ಅವಳ ಜೊತೆಗೇ ಹೋಯಿತು. ಅವಳು ಇದ್ದಾಗ ಕೂತು ಬರೆಸಿಕೊಳ್ಳಬೇಕಿತ್ತು ಎಂಬ ನೋವು ನನ್ನನ್ನು ಬಿಟ್ಟಿಲ್ಲ.

ಅಂಗಡಿ ಈಗ ಇಲ್ಲ. ಚಾಳು ಪುನರಭಿವೃದ್ಧಿಗೆ ಹೋಯಿತು, ಮಕ್ಕಳು ಓದಿ ನೌಕರಿ ಹಿಡಿದರು. 2002ರಲ್ಲಿ ಪವಾಯಿಯಲ್ಲಿ ಡಿ-ಮಾರ್ಟಿನ ಮೊದಲ ಮಳಿಗೆ ತೆರೆಯಿತು, ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಅದರ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಹದಿನಾರು ಗಂಟೆ ಅಂಗಡಿ ನಡೆಸಿ ಮಂಡಿ ಸವೆಸಿಕೊಂಡ ಆ ಇಬ್ಬರು ಬಯಸಿದ್ದೂ ಮೊಮ್ಮಕ್ಕಳು ತಕ್ಕಡಿ ಹಿಡಿಯದಿರಲಿ ಎಂದೇ. ನನ್ನ ಸಂಕಟ ಬೇರೆ. ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ನೂರರ ಹೊಸ್ತಿಲಲ್ಲಿರುವ ನಮ್ಮ ಸಂಸ್ಥೆಗಳ ಬಳಿ ಸ್ಮರಣ ಸಂಚಿಕೆಗಳಿವೆ, ಸನ್ಮಾನದ ಫೋಟೋಗಳಿವೆ. ಮುಂಬಯಿಯ ಒಂದು ಸಾಮಾನ್ಯ ಓಣಿ 1960ರಲ್ಲಿ ಏನು ತಿಂದಿತು, ಎಷ್ಟು ಸಾಲ ಮಾಡಿತು ಎಂದು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟ ದಾಖಲೆಗಳು ಮಾತ್ರ ಅಟ್ಟದ ಮೇಲೆ ಗೆದ್ದಲಿನ ಪಾಲಾಗುತ್ತಿವೆ.

ಘಾಟ್ಕೋಪರ್, ಭಾಂಡುಪ್, ಡೊಂಬಿವಲಿ, ಸಾಂತಾಕ್ರೂಜ್, ಮಾಟುಂಗಾ - ಎಲ್ಲಿಯೇ ಇರಲಿ, ನಿಮ್ಮ ಮನೆಯಲ್ಲೂ ಅಜ್ಜನ ಅಂಗಡಿಯ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಗಿರಾಕಿಗಳ ಗುರುತು ಬಯಲಾಗದಂತೆ ಎಚ್ಚರ ವಹಿಸಿ, ಪುಟಪುಟದ ಫೋಟೋ ತೆಗೆದಿಡಿ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಮಾಟುಂಗಾ-ಮಾಹೀಮಿನಲ್ಲಿ ಸಂಘಗಳಿವೆ. ಇವನ್ನು ಸಂಗ್ರಹಿಸುವ ಕೆಲಸ ಕೈಗೆತ್ತಿಕೊಳ್ಳಿ ಎಂದು ಅವರನ್ನು ಕೇಳೋಣ. ಗಲ್ಲಾದ ಹಿಂದೆ ಕೂತಿದ್ದ ಅಜ್ಜಿ ಇನ್ನೂ ಇದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕೂತು, ಪುಸ್ತಕದಲ್ಲಿ ಬರೆಯದ ಲೆಕ್ಕವನ್ನು ಕೇಳಿ ಬರೆದುಕೊಳ್ಳಿ.